ಹೊಸ ಟಿವಿ ಮತ್ತು ನಲವತ್ತು ರೊಟ್ಟಿ

ಗೆಳೆಯರೇ, ಟಿವಿ ಬದಲಿಸುವ ಮೊದಲು ರೊಟ್ಟಿ ಎಲ್ಲಿದೆ ಎಂದು ಮನೆಯವರನ್ನು ಕೇಳಿಕೊಳ್ಳಿ.

ಮಂಚ, ಒಲೆ ಕೂರಿಸಿಕೊಂಡು ನಾನೂ ಹೆಂಡತಿಯೂ ಊರೂರು ತಿರುಗುವ ಹಳೆಯ ವ್ಯಾನಿನ ಗೂಡಿನಲ್ಲಿ ಒಂದು ಡಬ್ಬಾ ಟಿವಿ ಇತ್ತು. ಇವತ್ತು ಬೆಳಿಗ್ಗೆ ಶಹಾಪುರದಲ್ಲಿ ಅದನ್ನು ಕೀಳಿಸಿ, ಗೂಡಿನ ಬಾಯಿಗೆ ತೆಳ್ಳನೆಯ ಹೊಸ ಟಿವಿ ಹಾಕಿಸಿದೆ. ಸ್ಕ್ರೂ ಸಾಲದೆಂದು ಮಿಸ್ತ್ರಿ ಸುತ್ತಲೂ ಗಮ್ ಬೇರೆ ಬಳಿದ.

"ನಾಳಿ ತನಕ ಕೈ ಹಚ್ಚಬ್ಯಾಡ್ರಿ ಸರ್. ಈಗ ಕಿತ್ತರ ಟಿವಿನೇ ಒಡಿತದ."

ಸುರಪುರದ ದಾರಿಯಲ್ಲಿ ಗುಂಡಿ ಬಂದಾಗಲೆಲ್ಲ ಟಿವಿ ಹಿಂದೆ ಕಟಕ್ ಎನ್ನುತ್ತಿತ್ತು. ಹೊಸದಲ್ಲವೇ, ಕೂತುಕೊಳ್ಳುತ್ತಿದೆ ಎಂದುಕೊಂಡೆ. ಮಧ್ಯಾಹ್ನ ಕಾಲುವೆ ಪಕ್ಕ ಊಟಕ್ಕೆ ನಿಲ್ಲಿಸಿದಾಗ ಹೆಂಡತಿ ಟಿವಿಯನ್ನೇ ದಿಟ್ಟಿಸಿದಳು.

"ಗೂಡು ಖಾಲಿ ಆತಂತ ನಲವತ್ತು ಖಡಕ್ ರೊಟ್ಟಿ ಗಂಟು ಕಟ್ಟಿ ಅದರಾಗ ಇಟ್ಟಿದ್ದೆ. ಎಲ್ಲಿ ಅದಾವ್ರಿ?"

ಮಿಸ್ತ್ರಿಗೆ ಫೋನ್ ಮಾಡಿದೆ. "ಟಿವಿ ಅಲುಗಾಡಬಾರದಂತ ನೀವೇ ಬಟ್ಟಿ ಗಂಟು ತುರುಕೀರಿ ಅಂತ ತಿಳ್ಕೊಂಡ್ನಿರಿ ಸರ್. ಭಾಳ ಚಲೋ ಕುಂತಿತ್ತು!"

"ನೀವೂ ಅಲ್ಲೇ ನಿಂತಿದ್ರಲ್ಲ, ಏನ್ ನೋಡ್ತಿದ್ರಿ?" ಎಂದಳು ಹೆಂಡತಿ.

"ಟಿವಿ" ಎಂದೆ.

ಶ್ರೀಶೈಲದ ತನಕ ಆಗಬೇಕಿದ್ದ ರೊಟ್ಟಿ. ಹೊರಗೆ ಉಳಿದದ್ದು ರೊಟ್ಟಿಗೆ ನಂಚಿಕೊಳ್ಳುವ ಶೇಂಗಾ ಹಿಂಡಿಯ ಡಬ್ಬಿ ಮಾತ್ರ. ಅಂಗೈಗೆ ಹಾಕಿಕೊಂಡು ನೆಕ್ಕುತ್ತಾ ಕೂತಿದ್ದೇವೆ. ಎದುರಿಗೆ ಟಿವಿಯಲ್ಲಿ ಯಾರೋ ತಾಯಿ ರೊಟ್ಟಿ ಬಡಿಯುತ್ತಿದ್ದಾಳೆ. ಚಿತ್ರ ಎಷ್ಟು ಸ್ಪಷ್ಟವೆಂದರೆ, ರೊಟ್ಟಿ ಮೇಲಿನ ಎಳ್ಳು ಕೂಡ ಎಣಿಸಬಹುದು.