ಎರಡು ಕಿವಿ, ಒಂದೇ ರಿಜಿಸ್ಟರ್

ಹೋದ ವಾರ ನನ್ನ ಮೊಮ್ಮಗಳಿಗೆ ಒಂದೇ ನಿಮಿಷದಲ್ಲಿ ಎರಡು ಹೆಸರು ಬಿದ್ದವು. (ಹೌದು, ನಾನು ಅಜ್ಜನಾಗಿದ್ದೇನೆ. ಇನ್ನು ಕೆಲವು ವಾರ ಇದನ್ನೇ ಓದಬೇಕಾಗಬಹುದು, ಸಹಿಸಿಕೊಳ್ಳಿ.)

ಚೊಚ್ಚಲ ಹೆರಿಗೆ ತವರಿನಲ್ಲಿ ತಾನೇ? ಹಾಗಾಗಿ ತೊಟ್ಟಿಲು ಕಟ್ಟಿದ್ದು ಆಳಂದದ ನಮ್ಮ ಮನೆಯಲ್ಲಿ. ಬೀಗರು ಅಫಜಲಪುರದವರು. ಅಳಿಯನ ನೌಕರಿ ಜೇವರ್ಗಿಯಲ್ಲಿ, ಕೂಸು ಬೆಳೆಯುವುದು ಅಲ್ಲಿ. ಒಂದು ಕೂಸು, ಮೂರು ತಾಲೂಕು!

ಹೆಣ್ಣು ಹುಟ್ಟಿದರೆ ನಿನ್ನ ಹೆಸರೇ ಇಡುತ್ತೇವೆಂದು ಬೀಗತಿ ಘತ್ತರಗಿಯ ದೇವಿ ಭಾಗ್ಯವಂತಿಗೆ ಹರಕೆ ಹೊತ್ತಿದ್ದರು. ನನ್ನ ಹೆಂಡತಿ ಕಮಲಾಗೆ ತೀರಿಹೋದ ತನ್ನ ಅವ್ವನ ಹೆಸರು ಬೇಕು: ನೀಲಮ್ಮ. ಸೋದರತ್ತೆ ಕೂಸಿನ ಬಲಗಿವಿಯಲ್ಲಿ ‘ಕುರ್ರ್’ ಎಂದು ಭಾಗ್ಯವಂತಿ ಎಂದಳು. ಹೆಂಗಸರು ವಾಡಿಕೆಯಂತೆ ಅವಳ ಬೆನ್ನಿಗೆ ಗುದ್ದಿದರು. ಆ ಗದ್ದಲದಲ್ಲಿ ಕಮಲಾ ಹಾಸಿಗೆ ಸರಿಮಾಡುವವಳಂತೆ ಬಗ್ಗಿ, ಎಡಗಿವಿಯಲ್ಲಿ ನೀಲಮ್ಮ ಎಂದುಬಿಟ್ಟಳು. ಅದು ಬೀಗತಿಗೂ ಕೇಳಿಸಿತು. ಅವರು ಕಮಲಾಳತ್ತ ತಿರುಗಿದರು.

ಮಗಳು ಸುಜಾತಾ ಲಾ ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ಬಾಣಂತನದಲ್ಲೂ ಬಾಹ್ಯಾಕಾಶ ಕಾನೂನಿನ ನೋಟ್ಸ್ ಬಿಟ್ಟಿಲ್ಲ. ಮಂಚದ ಮೇಲಿಂದಲೇ ಶುರುಮಾಡಿದಳು. ಉಪಗ್ರಹ ಹಾರಿಸಿದ ದೇಶ, ಬೇರೆಯವರಿಂದ ಹಾರಿಸಿಕೊಂಡ ದೇಶ, ನೆಲ ಕೊಟ್ಟ ದೇಶ, ಕಾನೂನಿನ ಕಣ್ಣಲ್ಲಿ ಎಲ್ಲವೂ ಉಡಾವಣೆಯ ದೇಶಗಳೇ. ಆದರೆ ಅಂತಾರಾಷ್ಟ್ರೀಯ ಒಪ್ಪಂದದಂತೆ ಅದನ್ನು ದಾಖಲಿಸಬೇಕಾದ್ದು ಒಂದೇ ದೇಶದ ರಿಜಿಸ್ಟರಿನಲ್ಲಿ. ಯಾವ ದೇಶ? ಅವರವರೇ ಕೂತು ಮಾತಾಡಿಕೊಳ್ಳಬೇಕು. (ಅಳಿಯ ತಲೆಯಾಡಿಸಿದ. ಈ ಪಾಠ ಅವನಿಗೆ ಮೊದಲೇ ಆಗಿರಬೇಕು.)

ಬೀಗತಿ ಬಿಡಲಿಲ್ಲ. “ಅದು ಮ್ಯಾಲಿಂದ ಯಾರರ ತಲಿಮ್ಯಾಗ ಬಿದ್ರ, ಜವಾಬ್ದಾರಿ ಯಾರದವ್ವಾ?”

“ಎಲ್ಲಾರದೂ ರೀ ಅತ್ತಿ. ರಿಜಿಸ್ಟರ್‌ನಾಗ ಹೆಸರು ಇಲ್ಲದವ್ರದೂ.”

ಆಗಲೇ ಕೂಸು ಬಟ್ಟೆ ಒದ್ದೆ ಮಾಡಿಕೊಂಡು ಕಿರುಚಿತು. ಇಬ್ಬರು ಅಜ್ಜಿಯರೂ ಒಟ್ಟಿಗೆ ಕೈಚಾಚಿದರು. ಕೈಗೆ ಕೈ ತಾಗಿ ಇಬ್ಬರಿಗೂ ನಗು ಬಂತು. ಕಮಲಾ ಕೈ ಹಿಂದೆ ತೆಗೆದಳು.

“ಹರಕಿ ದೊಡ್ಡದ್ರಿ ಅಕ್ಕಾರ. ಭಾಗ್ಯವಂತಿ ಅಂತನೇ ಬರಸ್ರಿ.”

ದನಿ ಸಣ್ಣಗಾಗಿತ್ತು. ನನಗೆ ಹೆಮ್ಮೆಯೂ ಆಯಿತು, ಸಂಕಟವೂ ಆಯಿತು. ಅಳಿಯ ಜನನ ಪ್ರಮಾಣಪತ್ರದ ಅರ್ಜಿಯಲ್ಲಿ ಹಾಗೆಯೇ ಬರೆದ. ಆಮೇಲೆ ಹುಗ್ಗಿ ಊಟ, ಬೀಗರ ಚೇಷ್ಟೆ, ಮನೆ ತುಂಬ ನಗು.

ಸಂಜೆ ಬೀಗರ ಜೀಪು ಹೊರಟು ನಿಂತಿತು. ಹತ್ತಿ ಕೂತಿದ್ದ ಬೀಗತಿ ಮತ್ತೆ ಇಳಿದು ಬಂದರು. ಕಮಲಾಳ ತೋಳಿನಲ್ಲಿದ್ದ ಕೂಸಿನ ಎಡಗಿವಿಗೆ ಬಾಯಿಟ್ಟು, ನಮಗೆಲ್ಲ ಕೇಳುವಂತೆ ಹೇಳಿದರು:

“ಬರ್ತೇನಿ, ನೀಲಮ್ಮ.”

ಕಮಲಾ ಅಳುತ್ತಲೇ ನಕ್ಕಳು.

ಇದು ಯಾವ ಒಪ್ಪಂದದ ಯಾವ ಕಲಮಿನಲ್ಲಿದೆ, ಹೇಳ್ರಿ?