ಹೆಸರಿಲ್ಲದವರ ಕೆರೆಮಣ್ಣು

ಆ ದಿನ ಬೆಳಿಗ್ಗೆ ಎಮ್ಮೆಗೆ ಕಣಿಕೆ ಹಾಕಿದೆ, ದಫ್ತರದ ಗಂಟುಗಳನ್ನು ಬಿಸಿಲಿಗಿಟ್ಟು ಗೆದ್ದಲು ಕೊಡವಿದೆ, ಶಾಯಿ ಕಲಸಿದೆ, ಲಿಂಗಸುಗೂರಿಗೆ ಕಳಿಸಬೇಕಿದ್ದ ಎರಡು ಕಾಗದಗಳನ್ನು ಉರ್ದುವಿನಲ್ಲಿ ನಕಲು ಮಾಡಿದೆ. ಮೂರನೆಯದಕ್ಕೆ ಕೈ ಹಾಕುವಷ್ಟರಲ್ಲಿ ಗಿರ್ದಾವರ್ ಸಾಹೇಬರು ಬಂದು ನಮ್ಮ ಕಟ್ಟೆಯ ಮೇಲೆ ಕೂತರು. ಮಸ್ಕಿಯ ಕುಲಕರ್ಣಿಯಾದ ನನ್ನ ದಫ್ತರ ತಪಾಸಣೆ ಅವರ ಕೆಲಸ. ಕೆರೆಯಲ್ಲಿ ಮಣ್ಣು ಅಗೆಯುತ್ತಿದ್ದ ಕುಂಬಾರ ಮುದುಕಿಯನ್ನೂ ಕತ್ತೆ ಸಮೇತ ಕರೆತಂದಿದ್ದರು.

ಕೆರೆಮಣ್ಣಿನ ಬಹಿ, ಅಂದರೆ ಹೆಸರು ಬರೆದಿಡುವ ಪುಸ್ತಕ, ತರಿಸಿ ನೋಡಿದರು. ಮದ್ರಸಾದಲ್ಲಿ ತರ್ಕಶಾಸ್ತ್ರ ಓದಿದವರು. ಒಂದೊಂದೇ ಬೆರಳು ಮಡಚಿದರು.

"ಹಕ್ಕಿದ್ದೋರ ಹೆಸರು ಬಹಿಯೊಳಗ ಅದಾವ. ಈಕೀ ಹೆಸರಿಲ್ಲ. ಅಂದ್ರ ಈಕೀಗೆ ಹಕ್ಕಿಲ್ಲ. ಬಸ್, ಮೂರೇ ಮಾತು."

ಮುದುಕಿಯ ಮುಖ ಸಣ್ಣದಾಯಿತು. ಆ ಮಣ್ಣು ತಪ್ಪಿದರೆ ಅವಳ ಮನೆಯಲ್ಲಿ ಗಡಿಗೆ ಇಲ್ಲ, ಒಲೆಯೂ ಇಲ್ಲ. ಈಗಲೇ ಹೆಸರು ಬರೆದರಾಯಿತೆಂದು ನಾನು ಲೇಖನಿ ಎತ್ತಿದರೆ ಅವಳೇ ಸಿಡಿದಳು.

"ಬರೀಬ್ಯಾಡ್ರಿ ಕುಲಕರ್ಣ್ಯಾರ! ನಾ ಏನು ಬಳಗಾನೂರಿಂದ ಬಂದಾಕೇನು?"

ಅವಳ ಸಿಟ್ಟು ಸರಿಯಾದದ್ದೇ. ಬೇರೆ ಊರಿಂದ ಬಂದು ಹಿರಿಯರ ಒಪ್ಪಿಗೆ ಪಡೆದವರ ಹೆಸರನ್ನಷ್ಟೇ ಆ ಬಹಿಯಲ್ಲಿ ಬರೆಯುವುದು ನಮ್ಮ ರೂಢಿ. ಊರವರನ್ನು ಬರೆದರೆ ಅವರನ್ನು ಹೊರಗಿಟ್ಟಂತೆ. ಆದರೆ ಬಹಿ ಶುರುಮಾಡಿದ ನಮ್ಮ ತಂದೆ ಮೇಲೆ ಬರೆದದ್ದು ಮಾತ್ರ 'ಮಣ್ಣಿನ ಹಕ್ಕುಳ್ಳವರು' ಎಂದು.

"ಸಾಹೇಬ್ರ," ಎಂದೆ, "ಬಹಿಯೊಳಗಿದ್ದೋರಿಗೆಲ್ಲ ಹಕ್ಕೈತಿ, ಖರೆ. ಹಕ್ಕಿದ್ದೋರೆಲ್ಲ ಬಹಿಯೊಳಗ ಅದಾರ ಅಂತ ಬಹಿ ಎಲ್ಲಿ ಹೇಳೈತ್ರಿ? ಗೌಡ್ರ ಹೆಸರಿಲ್ಲ, ನನ್ನದೂ ಇಲ್ಲ. ನೀವು ಕುಂತ ಕಟ್ಟಿನೂ ಅದೇ ಕೆರೀ ಮಣ್ಣಿಂದು."

ಸಾಹೇಬರು ಕಟ್ಟೆಯನ್ನು ತಟ್ಟಿ ನೋಡಿದರು. ಆಮೇಲೆ ಮೊದಲು ಮಡಚಿದ ಬೆರಳನ್ನು ಮೆಲ್ಲಗೆ ಬಿಡಿಸಿದರು.

"ಅರೆ, ಮೊದಲ್ನೇ ಮಾತೇ ಉಲ್ಟಾ ಹಿಡದೀನಿ. ನಮ್ಮ ಉಸ್ತಾದರಿದ್ರ ಕಿವಿ ಹಿಂಡ್ತಿದ್ರು."

"ಅವರಿಲ್ಲಂದ್ರ ನಾ ಹಿಂಡ್ಲೇನ್ರಿ?" ಎಂದಳು ಮುದುಕಿ. ಸಾಹೇಬರೇ ಎಲ್ಲರಿಗಿಂತ ಜೋರಾಗಿ ನಕ್ಕರು.

ತಂದೆಯ ಸಾಲಿನ ಕೆಳಗೆ ನನ್ನಿಂದ ಬರೆಸಿದರು: 'ಇಲ್ಲಿ ಹೆಸರಿರುವವರು ಪರವೂರವರು ಮಾತ್ರ. ಹೆಸರಿಲ್ಲದ ಮಾತ್ರಕ್ಕೆ ಹಕ್ಕಿಲ್ಲವೆಂದು ತಿಳಿಯತಕ್ಕದ್ದಲ್ಲ.' ಪಕ್ಕದಲ್ಲಿ ತಮ್ಮ ರುಜು ಹಾಕಿದರು. ಮುದುಕಿ ಅದನ್ನು ಎರಡು ಸಲ ಓದಿಸಿಕೊಂಡು ಕತ್ತೆಯನ್ನು ಕೆರೆಯ ಕಡೆ ಹೊಡೆದುಕೊಂಡು ಹೋದಳು.

ಸಂಜೆ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಮೇಲೆ ಮಜ್ಜಿಗೆ. ಊಟವಾದ ಮೇಲೆ, ಬಹಿಯಲ್ಲಿರುವವರಿಗೆಲ್ಲ ಹಕ್ಕಿದೆ ಎಂಬುದಕ್ಕೂ ಹಕ್ಕಿರುವವರೆಲ್ಲ ಬಹಿಯಲ್ಲಿದ್ದಾರೆ ಎಂಬುದಕ್ಕೂ ಏನು ಫರಕು ಎಂದು ಹೆಂಡತಿಗೆ ಬಿಡಿಸಿ ಹೇಳತೊಡಗಿದೆ. ಎರಡನೆಯ ಮಾತಿಗೆ ಬರುವಷ್ಟರಲ್ಲಿ ಅವಳಿಗೆ ನಿದ್ದೆ ಹತ್ತಿತ್ತು.