ಪರೀಕ್ಷೆಗೆ ಮಲಗಿದ ಮೌಶಿ

ಇದರಲ್ಲಿ ಕೆಲವು ವಿವರ ತಪ್ಪಿರಬಹುದು. ತೊಗರಿ ಹೂ ಬಿಟ್ಟಿತ್ತೋ ಕಾಯಿ ಕಟ್ಟಿತ್ತೋ, ಮೌಶಿ ನಮ್ಮೂರು ಉಮರ್ಗಾಕ್ಕೆ ವಾರಕ್ಕೊಮ್ಮೆ ಬರುತ್ತಿದ್ದಳೋ ಎರಡು ವಾರಕ್ಕೊಮ್ಮೆಯೋ, ನನಗೆ ಈಗ ಖಾತ್ರಿಯಿಲ್ಲ. ದಿನಚರಿ ಬರೆಯುವ ಅಭ್ಯಾಸ ಇದೆ. ಆದರೆ ಆ ತಿಂಗಳುಗಳ ಪುಟಗಳಲ್ಲಿ ಓದಿ ಮುಗಿಸಿದ ಅಧ್ಯಾಯಗಳ ಹೆಸರಷ್ಟೇ ಇವೆ. ಮನೆಗೆ ಯಾರು ಬಂದರು, ಏನು ಮಾತಾಡಿದರು ಎಂಬುದಿಲ್ಲ.

ಸ್ನಾತಕೋತ್ತರ ವೈದ್ಯ ಪರೀಕ್ಷೆಯ ಲಿಖಿತ ಭಾಗದಲ್ಲಿ ಪಾಸಾಗಿ, ಪ್ರಾಯೋಗಿಕದಲ್ಲಿ ಫೇಲಾಗಿ ಊರಿಗೆ ಬಂದಿದ್ದೆ. ಪ್ರಾಯೋಗಿಕವೆಂದರೆ ಪರೀಕ್ಷಕರ ಎದುರು ರೋಗಿಯನ್ನು ಮಾತಾಡಿಸಬೇಕು, ಮುಟ್ಟಿ ನೋಡಬೇಕು, ಕಂಡದ್ದನ್ನು ಕ್ರಮವಾಗಿ ಇಂಗ್ಲಿಷಿನಲ್ಲಿ ಹೇಳಬೇಕು. ನನ್ನನ್ನು ಫೇಲು ಮಾಡಿದವರು ಸಿಟ್ಟಿನವರೇನಲ್ಲ. "ಪುಸ್ತಕವೆಲ್ಲ ಬರುತ್ತದೆ ನಿಮಗೆ. ಕೈಗೆ ಮಾತ್ರ ಏನೂ ತಿಳಿಯುತ್ತಿಲ್ಲ," ಎಂದು ಮೆತ್ತಗೆ ಹೇಳಿದ್ದರು. ಬೈದಿದ್ದರೆ ಮರೆಯುತ್ತಿದ್ದೆನೇನೋ. ರೊಟ್ಟಿ ಮುರಿಯುವಾಗಲೂ ನನ್ನ ಬೆರಳುಗಳನ್ನೇ ನೋಡುತ್ತ ಕೂತಿರುತ್ತಿದ್ದೆ.

ಕೈಗೆ ಅಭ್ಯಾಸವಾಗಲು ಒಂದು ಮೈ ಬೇಕಿತ್ತು. ಅವ್ವನಿಗೆ ಅಷ್ಟು ಹೊತ್ತು ಸುಮ್ಮನೆ ಮಲಗುವ ತಾಳ್ಮೆಯಿಲ್ಲ. ಕಾಸಾರಶಿರಸಿಯಿಂದ ಸಂತೆಗೆ ಬರುತ್ತಿದ್ದ ಅವಳ ತಂಗಿ, ನನ್ನ ಮೌಶಿ, ತಾನಾಗಿ ಒಪ್ಪಿಕೊಂಡಳು.

"ನಾ ಮಲ್ಕೋತೀನಿ ಬಿಡು. ನಿಂದೂ ಪರೀಕ್ಷಾ ಆಗ್ತದ, ನಂದೂ ನಿದ್ದಿ ಆಗ್ತದ."

ಉದಗೀರದಲ್ಲಿದ್ದ ನನ್ನ ಗೆಳತಿ ಅದೇ ಪರೀಕ್ಷೆಗೆ ಕೂಡುವವಳಿದ್ದಳು. ಫೋನಿನ ಸ್ಪೀಕರ್ ಹಾಕಿ ಮಂಚದ ಪಕ್ಕ ಇಡುತ್ತಿದ್ದೆ; ಪರೀಕ್ಷಕಿ ಆಕೆ. ಮೌಶಿಗೆ ರೋಗವೇನೂ ಇರಲಿಲ್ಲವಾದ್ದರಿಂದ ಒಮ್ಮೊಮ್ಮೆ ನಾನೇ ಒಂದು ಕೇಸು ಕಟ್ಟಿ ಹೇಳುತ್ತಿದ್ದೆ.

"ಏನು ತ್ರಾಸ ಅದರೀ ಬಾಯೀ?" ಎಂದು ಶುರುಮಾಡುತ್ತಿದ್ದೆ.

"ಸೊಸಿದs ತ್ರಾಸರೀ ಡಾಕ್ಟರಬಾಯಿ. ಅದಕ್ಕೇನರ ಗುಳಿಗಿ ಬಂದಾವೇನು?"

ಫೋನಿನೊಳಗೆ ಗೆಳತಿ ನಗುತ್ತಿದ್ದಳು. ಮೌಶಿ ಕೊರಳ ಲಿಂಗವನ್ನು ಎಡ ಮುಷ್ಟಿಯಲ್ಲಿ ಹಿಡಿದು ಪಕ್ಕಕ್ಕೆ ಸರಿಸಿ ಕಣ್ಣು ಮುಚ್ಚುತ್ತಿದ್ದಳು. ನಾನು ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಂಡು ಹೊಟ್ಟೆ ಒತ್ತುತ್ತಿದ್ದೆ. ನನ್ನ ಕೈಗೆ ಏನೂ ಸಿಗುತ್ತಿರಲಿಲ್ಲ. ಸಿಗಬೇಕಾದ್ದೂ ಏನಿರಲಿಲ್ಲ ಎಂದು ಆಗ ಅಂದುಕೊಂಡಿದ್ದೆ.

ತೊಗರಿ ರಾಶಿಯ ದಿನಗಳಲ್ಲಿ ಮೌಶಿ ಬರಲಿಲ್ಲ. ಮತ್ತೆ ಬಂದಾಗ ಸ್ವಲ್ಪ ಸೊರಗಿದ್ದಳು. ಹೊಲದ ಕೆಲಸದಲ್ಲಿ ಎಲ್ಲರೂ ಸೊರಗುತ್ತಾರೆ. ನಾನು ಕರೆಯುವ ಮೊದಲೇ ಹೋಗಿ ಮಂಚದ ಮೇಲೆ ಮಲಗಿದಳು. ಎಡಗಡೆ ನೋಡಿ ಮುಗಿಸಿದಾಗ, "ಇಲ್ಲಿ ಇನ್ನಾ ಒತ್ತಿಲ್ಲ ನೀ," ಎಂದು ಬಲಪಕ್ಕೆ ತೋರಿಸಿದ್ದು ನನಗೆ ನೆನಪಿದೆ. ಅದು ಅವತ್ತಿನ ಮಾತೋ, ಹಿಂದೊಂದು ಸಲ ತಮಾಷೆಗೆ ಆಡಿದ್ದೋ ಗೊತ್ತಿಲ್ಲ. ನೆನಪು ತನಗೆ ಬೇಕಾದ ಕಡೆ ಮಾತುಗಳನ್ನು ಎತ್ತಿಡುತ್ತದೆ.

"ಉಸಿರು ಜೋರ ಜಗ್ಗು ಮೌಶಿ."

ಜಗ್ಗಿದಳು. ಪಕ್ಕೆಲುಬಿನ ಕೆಳಗಿನಿಂದ ಲಿವರಿನ ಅಂಚು ಇಳಿದು ಬಂದು ನನ್ನ ಬೆರಳಿಗೆ ಬಡಿಯಿತು. ಗಟ್ಟಿಯಾಗಿತ್ತು, ಗಂಟುಗಂಟಾಗಿತ್ತು. ಮತ್ತೊಮ್ಮೆ ಜಗ್ಗೆಂದೆ. ಮತ್ತೆ ಬಂತು.

"ಏನು ಸಿಕ್ತು? ಹೇಳು," ಎಂದಿತು ಫೋನು.

ಹೇಳಿದೆ. ಎಷ್ಟು ಬೆರಳು ಇಳಿದಿದೆ, ಅಂಚು ಹೇಗಿದೆ, ಮೇಲ್ಮೈ ಹೇಗಿದೆ, ಏನಿರಬಹುದು, ಮುಂದೆ ಏನು ತಪಾಸಣೆ, ಎಲ್ಲವೂ ಸಾಲಾಗಿ ಬಂತು. ಮೌಶಿಗೆ ಇಂಗ್ಲಿಷ್ ಬಾರದು. ಕಣ್ಣು ತೆರೆದು ನನ್ನ ಮುಖ ನೋಡುತ್ತಿದ್ದಳು.

"ಕೇಸ್ ಭಾರಿ ಕಟ್ಟೀದಿ ಇವತ್ತ," ಎಂದಳು ಗೆಳತಿ. "ಒಂದೂ ತಪ್ಪಿಲ್ಲ. ಪಾಸ್ ಹೋಗು."

ಕೊನೆಗೆ ರೋಗಿಗೆ ಹೊದಿಸಿ ಧನ್ಯವಾದ ಹೇಳಬೇಕು; ಅದಕ್ಕೂ ಅಂಕ ಉಂಟು. ಸೆರಗು ಎಳೆದು ಹೊದಿಸಿದೆ. ಧನ್ಯವಾದವನ್ನೂ ಹೇಳಿದೆನೆಂದು ಕಾಣುತ್ತದೆ.

"ಮೌಶಿ, ನಾಳಿ ಉದಗೀರಕ್ಕ ಹೋಗಿ ಒಂದು ಸ್ಕ್ಯಾನ್ ಮಾಡಿಸ್ಕೊಂಡ ಬರೋಣು."

"ಅದೂ ನಿನ್ನ ಪರೀಕ್ಷಾದಾಗ ಬರ್ತದೇನು?"

"ಇಲ್ಲ," ಎಂದೆ.

ಸ್ಕ್ಯಾನಿನಲ್ಲಿ ಕ್ಯಾನ್ಸರ್ ಕಂಡಿತು; ಪಿತ್ತಕೋಶದಲ್ಲಿ ಹುಟ್ಟಿ ಲಿವರಿಗೆ ಹರಡಿತ್ತು. ಶಸ್ತ್ರಚಿಕಿತ್ಸೆಯ ಹಂತ ದಾಟಿದೆ ಎಂದರು. ಬರುವಾಗ ಬಸ್ಸು ನಿಲಂಗಾದಲ್ಲಿ ಬಹಳ ಹೊತ್ತು ನಿಂತಿತ್ತು. ಮೌಶಿ ಮೋಸಂಬಿ ಸುಲಿದು ಅರ್ಧ ನನ್ನ ಕೈಗಿಟ್ಟಳು. ರಿಪೋರ್ಟಿನ ಮಾತೇ ಎತ್ತದೆ, "ನಿನ್ನ ಪರೀಕ್ಷಾ ಎಂದದ?" ಎಂದು ಕೇಳಿದಳು.

ಆಮೇಲಿನ ಓದು ಓದಲ್ಲ. ಈ ರೋಗದವರು ಎಷ್ಟು ಕಾಲ ಬದುಕುತ್ತಾರೆ ಎಂಬುದಕ್ಕೆ ಪುಸ್ತಕದಲ್ಲಿ ನಾಲ್ಕು ಉತ್ತರ ಕೊಟ್ಟು ಒಂದನ್ನು ಆರಿಸಲು ಹೇಳಿದ್ದರು. ಸರಿಯಾದದ್ದು ಯಾವುದೆಂದು ನನಗೆ ಗೊತ್ತಿತ್ತು. ಪರೀಕ್ಷೆಗೆ ಹೋದೆ, ಪಾಸಾದೆ. ಪೇಢೆ ಹಂಚಿದವಳು ಅವ್ವ. ನನಗೆ ಬಾಯಿಗೆ ಇಡಲಾಗಲಿಲ್ಲ. ತೊಗರಿ ರಾಶಿಗೆ ಮುಂಚಿನ ಆ ವಾರಗಳಲ್ಲೂ ಆ ಗಂಟು ನನ್ನ ಕೈಯಡಿಯೇ ಇತ್ತೇ? ಇರಲಿಲ್ಲ ಎನ್ನುತ್ತಾಳೆ ಗೆಳತಿ. ಮುಟ್ಟಿದವಳು ಆಕೆಯಲ್ಲ.

ಮೊನ್ನೆ ಕಾಸಾರಶಿರಸಿಗೆ ಹೋಗಿದ್ದೆ. ಮೌಶಿಗೆ ಈಗ ಎದ್ದು ಕೂಡಲಾಗುವುದಿಲ್ಲ. ಕಣ್ಣುಗಳು ಹಳದಿಯಾಗಿವೆ. ಸೊಸೆ ಚಮಚದಿಂದ ಗಂಜಿ ಕುಡಿಸುತ್ತಿದ್ದಳು. ಆಕೆ ಬಟ್ಟಲು ತೊಳೆಯಲು ಒಳಗೆ ಹೋದ ಮೇಲೆ ಮೌಶಿ ನನ್ನ ಕಡೆ ಹೊರಳಿ, "ಈಗ ಒತ್ತಿ ನೋಡಂಗಿಲ್ಲೇನು? ಪಾಸಾದಿ, ನನ್ನ ಗರಜ ಮುಗೀತು," ಎಂದಳು. ನಗಲು ಹೋಗಿ ಕೆಮ್ಮು ಬಂತು. ನೀರು ಕುಡಿಸಿದೆ. ಆಮೇಲೆ ಕೇಳಿಯೇಬಿಟ್ಟೆ. ಅವಳು ಕಣ್ಣು ಮುಚ್ಚಿಕೊಂಡಳು. ನಿದ್ದೆಯೋ, ನೋವಿನ ಔಷಧದ ಮಂಪರೋ, ಹೇಳಲಾರೆ. ಸಂಜೆಯ ಬಸ್ಸಿನವರೆಗೂ ಕೂತಿದ್ದೆ. ನಾನು ಕೇಳಿದ್ದು ಇಷ್ಟೇ:

"ಮೌಶಿ, ಅವತ್ತ ಬಂದು ಮಲಗೂ ಮೊದಲs ನಿನಗ ಗೊತ್ತಿತ್ತೇನು?"